ಹಣ ತೆತ್ತು ಮಾಡುವ ಚಾಕರಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆ. ಯಾವುದನ್ನು ಯಾರಿಗೆ ಯಾವ ವಿಧದಿಂದ ಕೊಡಬೇಕೆಂಬ ವಿವೇಕವಿಲ್ಲದೆ ಕೊಟ್ಟದ್ದು ದಾನವೆನಿಸದೆ ಬರಿಯ ಖರ್ಚೆನಿಸುತ್ತದೆ. ನಮ್ಮ ಜಿನಮಂದಿರಗಳ ಟ್ರಸ್ಟುಗಳೂ ಸಮಾಜದ ವಿದ್ಯಾನಿಧಿಗಳೂ ಪ್ರತಿವರ್ಷ ವಿದ್ಯಾರ್ಥಿಗಳಿಗೆ ಕೊಡುವ ಸಹಾಯಧನವು ಶಾಸ್ತ್ರದಾನದ ಸಾಲಿಗೆ ಸೇರಿದುದು. ಈ ಹಣ ಟ್ರಸ್ಟಿಗಳ ಸ್ವಂತದ್ದಲ್ಲ. ಲಿಂಬೆ ಬೆಳೆದು ಮಾರಿದವನ, ತೊಗರಿ ತೂಗಿದವನ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಇಡೀ ದಿನ ಕುಳಿತವನ ದುಡಿಮೆಯ ಹಣವದು. ಅದು ಎಲ್ಲಿಗೆ ಹೋಗುತ್ತಿದೆಯೆಂದು ಕೇಳುವ ಹಕ್ಕು ಪ್ರತಿಯೊಬ್ಬ ಶ್ರಾವಕನಿಗೂ ಇದೆ. ಆ ಹಕ್ಕಿನಿಂದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇವು ಕಡಲಿನಿಂದ ದೂರದ ಊರುಗಳು. ಆದರೂ ಬಿ.ಎಸ್‌ಸಿ. ಓದುವ ನಮ್ಮ ಮಕ್ಕಳಲ್ಲಿ ಕೆಲವರಿಗೆ ಈಚೆಗೆ ಕಡಲಿನ ಜೀವಿಗಳ ಅಭ್ಯಾಸದಲ್ಲಿ ಆಸಕ್ತಿ ಹುಟ್ಟಿದೆ. ಇದು ಸಂತೋಷದ ಸಂಗತಿ. ಆದರೆ ಈ ಆಸಕ್ತಿಯನ್ನೇ ಬಂಡವಾಳ ಮಾಡಿಕೊಂಡು ವ್ಯಾಪಾರ ನಡೆಸುವವರೂ ಹುಟ್ಟಿಕೊಂಡಿದ್ದಾರೆ. ಪರದೇಶದ ಯಾವುದೋ ದ್ವೀಪದಲ್ಲಿ ಎರಡು ವಾರವೋ ನಾಲ್ಕು ವಾರವೋ ಇದ್ದು ತಿಮಿಂಗಿಲ, ಡಾಲ್ಫಿನ್, ಶಾರ್ಕ್, ಆಮೆಗಳ ಸಂಶೋಧನೆಯಲ್ಲಿ ಪಾಲುಗೊಳ್ಳಬಹುದು, ಕೊನೆಗೆ ಪ್ರಮಾಣಪತ್ರ ದೊರೆಯುತ್ತದೆ ಎಂಬ ಬಣ್ಣಬಣ್ಣದ ಪ್ರಚಾರ ನಮ್ಮ ಮನೆಗಳವರೆಗೂ ಬಂದಿದೆ. ಇದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ಆ ಹೆಸರು ಕೇಳಿದವರು ಮಗನೋ ಮಗಳೋ ಅಲ್ಲಿ ಆಯ್ಕೆಯಾಗಿದ್ದಾಳೆಂದು ಹಿಗ್ಗುತ್ತಾರೆ. ಇಂಥವುಗಳಲ್ಲಿ ಹೆಚ್ಚಿನ ಕಡೆ ಆಯ್ಕೆಯೆಂಬುದೇ ಇಲ್ಲ. ಹಣ ಕಟ್ಟಿದವರಿಗೆಲ್ಲ ಸ್ಥಳವುಂಟು. ವಿದ್ಯಾರ್ಥಿಯೇ ಶುಲ್ಕ ತೆತ್ತು, ತನ್ನ ಖರ್ಚಿನಲ್ಲಿಯೇ ವಿಮಾನ ಹತ್ತಿ, ಅಲ್ಲಿ ಹೇಳಿದ ಕೆಲಸ ಮಾಡಿ ಬರಬೇಕು.

ನಾನು ವಾಣಿಜ್ಯಶಾಸ್ತ್ರ ಓದಿದವನು. ಲೆಕ್ಕ ಕಲಿತದ್ದು ಅಡತಿ ಅಂಗಡಿಯಲ್ಲಿ. ಅಲ್ಲಿ ಹೊಸದಾಗಿ ಸೇರಿದ ಗುಮಾಸ್ತನಿಗೆ ಸಂಬಳ ಕಡಿಮೆ ಇರುತ್ತದೆ, ಏಕೆಂದರೆ ಅವನು ಇನ್ನೂ ಕೀರ್ದಿ ಖಾತೆ ಬರೆಯಲು ಕಲಿಯುತ್ತಿದ್ದಾನೆ. ಆದರೆ ಚೀಲ ಹೊತ್ತ ಹಮಾಲನು ಸಂಜೆಗೆ ಮಾಲಕನ ಕೈಗೆ ತಾನೇ ಹಣ ಎಣಿಸಿಕೊಟ್ಟು ಹೋಗುವ ಅಂಗಡಿಯನ್ನು ನಾನೆಲ್ಲಿಯೂ ಕಂಡಿಲ್ಲ. ಎರಡು ವಾರಗಳ ಶುಲ್ಕ ಎರಡು ಸಾವಿರ ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 1,70,000 ರೂಪಾಯಿಯಾಯಿತು. ವಿಮಾನ, ವೀಸಾ, ವಿಮೆ, ಮೇಲುಖರ್ಚು ಬೇರೆ. ಹದಿನಾಲ್ಕು ದಿನಕ್ಕೆ ಭಾಗಿಸಿದರೆ ದಿನಕ್ಕೆ ಹನ್ನೆರಡು ಸಾವಿರಕ್ಕೂ ಮಿಕ್ಕಿತು. ಇಷ್ಟು ಕೊಟ್ಟು ನಮ್ಮ ಹುಡುಗನು ಕಲಿಯುವುದು ದೋಣಿ ತೊಳೆಯುವುದನ್ನು, ತೀರದ ಕಸ ಹೆಕ್ಕುವುದನ್ನು, ಬಂದ ಪ್ರಾಣಿಯ ಹೆಸರನ್ನು ಪಟ್ಟಿಯಲ್ಲಿ ಗುರುತು ಹಾಕುವುದನ್ನು. ಕೆಲಸ ಯಾವುದೂ ಕೀಳಲ್ಲ. ಅದೇ ಹಣದಲ್ಲಿ ಆ ಊರಿನ ಬೆಸ್ತರ ಮಕ್ಕಳಿಗೆ ಸಂಬಳ ಕೊಟ್ಟು ಅದೇ ಕೆಲಸ ಮಾಡಿಸಬಹುದಿತ್ತಲ್ಲವೇ? ಹಣ ಕೊಟ್ಟು ದುಡಿಯುವವರು ಸಾಲುಗಟ್ಟಿ ನಿಂತಿರುವಾಗ ಕೂಲಿ ಕೊಟ್ಟು ದುಡಿಸಿಕೊಳ್ಳುವವರು ಯಾರು?

ಶ್ರೀಮಂತ ತಂದೆ ತನ್ನ ಕಿಸೆಯಿಂದ ಇದಕ್ಕೆ ಖರ್ಚು ಮಾಡಿದರೆ ನಾನು ಆಕ್ಷೇಪಿಸುವುದಿಲ್ಲ. ಅದು ಅವರ ಮನೆಯ ಪ್ರವಾಸ. ಆದರೆ ಇದೇ ಪ್ರವಾಸಕ್ಕೆ ವಿದ್ಯಾನಿಧಿಯಿಂದ ಸಹಾಯ ಕೇಳುವ ಅರ್ಜಿಗಳು ಬರುತ್ತಿವೆ, ಮಂಜೂರೂ ಆಗುತ್ತಿವೆ. ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾನಿಧಿಯ ಸಭೆಗೆ ಎರಡು ಅರ್ಜಿಗಳು ಒಂದೇ ದಿನ ಬಂದವು; ಆ ಸಭೆಯಲ್ಲಿ ನಾನೂ ಇದ್ದೆ. ಮೊದಲನೆಯದು ಪರದೇಶದ ದ್ವೀಪವೊಂದರಲ್ಲಿ ಶಾರ್ಕ್ ಸಂಶೋಧನೆಯ ಎರಡು ವಾರಗಳ ಇಂಟರ್ನ್‌ಶಿಪ್ಪಿಗೆ. ಎರಡನೆಯದು ಮುದ್ದೇಬಿಹಾಳದ ಕಡೆಯ ಒಬ್ಬ ಹೆಣ್ಣುಮಗಳದ್ದು. ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್‌ಸಿ. ಓದಲು ಹಾಸ್ಟೆಲ್ ಖರ್ಚು ಮತ್ತು ಪುಸ್ತಕದ ಹಣ ಕೇಳಿದ್ದಳು. ಮೊದಲನೆಯ ಅರ್ಜಿಗೆ ಹಣ ಮಂಜೂರಾಯಿತು, ಶಾಲು ಹೊದಿಸುವ ದಿನವೂ ಗೊತ್ತಾಯಿತು. ಎರಡನೆಯ ಅರ್ಜಿ ಬಂದಾಗ ಹಿರಿಯರೊಬ್ಬರು, “ಮೀನಿನ ಓದು ನಮ್ಮ ಹುಡುಗಿಗೆ ಏತಕ್ಕೆ ಬೇಕು? ಇದರಲ್ಲಿ ಹಿಂಸೆ ಇದೆ” ಎಂದರು. ಉಳಿದವರು ತಲೆಯಾಡಿಸಿದರು. ಅರ್ಜಿಯನ್ನು ಮುಂದಿನ ಸಭೆಗೆ ಇಡಲಾಯಿತು. ಮುಂದಿನ ಸಭೆಯಲ್ಲಿ ಅದರ ಮಾತೇ ಬರಲಿಲ್ಲ. ಎರಡೂ ನಿರ್ಣಯಗಳಿಗೆ ನಾನು ಅಸಮ್ಮತಿ ಸೂಚಿಸಿದೆ, ಸೂಚಿಸಿದವನು ನಾನೊಬ್ಬನೇ.

ಕಾರವಾರದ ಕಡಲಿನಲ್ಲಿರುವುದು ಮೀನಾದರೆ ಪರದೇಶದ ಕಡಲಿನಲ್ಲಿರುವ ಶಾರ್ಕ್ ಏನು? ಅದೂ ಮೀನೇ. ಅದೇ ಪಂಚೇಂದ್ರಿಯ ಜಲಚರ ಜೀವ. ವಿಮಾನ ಹತ್ತಿ ಹೋದರೆ ವಿಜ್ಞಾನ, ಬಸ್ಸು ಹತ್ತಿ ಹೋದರೆ ಹಿಂಸೆ ಎಂಬ ಈ ನ್ಯಾಯ ಯಾವ ಶಾಸ್ತ್ರದಲ್ಲಿದೆ?

ಹಿಂಸೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಅದನ್ನು ಸರಿಯಾದ ಸ್ಥಳದಲ್ಲಿ ಕೇಳಿರೆಂಬುದೇ ನನ್ನ ವಾದ. ಪ್ರಾಣಿಶಾಸ್ತ್ರವೆಂದರೆ ಕಪ್ಪೆ ಕೊಯ್ಯುವುದು ಎಂಬ ಭಯದಿಂದ ನಮ್ಮ ಹಿಂದಿನ ತಲೆಮಾರಿನ ಮನೆಗಳು ಮಕ್ಕಳನ್ನು ಆ ವಿಷಯದಿಂದ ದೂರವಿಟ್ಟವು. ಅಂದಿನ ಮಟ್ಟಿಗೆ ಆ ಭಯಕ್ಕೆ ಕಾರಣವಿತ್ತು. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪ್ರಾಣಿಗಳ ಅಂಗಚ್ಛೇದನವನ್ನು ಹಂತಹಂತವಾಗಿ ಕೈಬಿಡಲು ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳೆರಡರಲ್ಲಿಯೂ ಅದನ್ನು ನಿಲ್ಲಿಸಲು ಸೂಚಿಸಿತು. ಹಳೆಯ ಆಕ್ಷೇಪಣೆಯ ಬೇರು ಹೀಗೆ ಕಡಿದುಹೋಯಿತು. ನಮ್ಮ ಸಮಿತಿಗಳು ಮಾತ್ರ ಇನ್ನೂ ಕಪ್ಪೆಯ ಕಾಲದಲ್ಲಿಯೇ ಇವೆ.

ಇತ್ತ ಪರದೇಶದ ಇಂಟರ್ನ್‌ಶಿಪ್ಪುಗಳಲ್ಲಿ ಏನು ನಡೆಯುತ್ತದೆಂದು ಎಷ್ಟು ಟ್ರಸ್ಟಿಗಳು ವಿಚಾರಿಸಿದ್ದಾರೆ? ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ಮೀನಿನ ರಕ್ತ, ಎಣ್ಣೆ, ಕೊಚ್ಚಿದ ತುಂಡುಗಳನ್ನು ನೀರಿಗೆ ಚೆಲ್ಲಿ ಶಾರ್ಕುಗಳನ್ನು ದೋಣಿಯ ಬಳಿಗೆ ಸೆಳೆದು, ಪಂಜರದೊಳಗೆ ನಿಂತ ಪ್ರವಾಸಿಗರಿಗೆ ತೋರಿಸುವ ಉದ್ಯೋಗ ದಶಕಗಳಿಂದ ನಡೆದುಬಂದಿದೆ. ಅಂಥ ದೋಣಿ ಸೇರಿದ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಯಾವ ಬಕೆಟ್ಟು? ಡಾಲ್ಫಿನ್, ಸೀಲ್‌ಗಳನ್ನು ಕೊಳದಲ್ಲಿ ಕೂಡಿಹಾಕಿ ಆಟ ಆಡಿಸುವ ಸ್ಥಳಗಳಲ್ಲಿಯೂ ತರಬೇತಿ ಕೊಡುತ್ತಾರೆ. ಅಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಬೀಳುವ ಕೆಲಸವೆಂದರೆ ಹಿಮಗಟ್ಟಿದ ಮೀನನ್ನು ಕರಗಿಸಿ, ಆರಿಸಿ, ತುಂಡರಿಸಿ, ತೂಗಿ ಕೊಡುವುದು. ಡಾಲ್ಫಿನ್‌ಗಳನ್ನು ಹೀಗೆ ಪ್ರದರ್ಶನಕ್ಕಿಡುವುದನ್ನು ನಮ್ಮ ಭಾರತ ಸರ್ಕಾರವೇ 2013ರಲ್ಲಿ ನಿಷೇಧಿಸಿದೆ. ನಮ್ಮ ದೇಶದ ಕಾಯಿದೆ ಒಪ್ಪದ ಬಂಧನದ ಮನೆಗೆ ಜಿನಮಂದಿರದ ಹಣ ಹೋಗಬಹುದೇ? ಕಾರವಾರದ ಓದನ್ನು ಹಿಂಸೆಯೆಂದವರು ಇದಕ್ಕೆ ಉತ್ತರ ಹೇಳಬೇಕು.

ಇನ್ನು ಕೆಲವರು ಕಡಲಿನ ಜೀವಿಗಳನ್ನು ಓದುವುದೇ ಬೇಡ, ಆ ಗೊಡವೆಯೇ ನಮಗೆ ಬೇಡ ಎನ್ನುತ್ತಾರೆ. ಇದೂ ತಪ್ಪು. ಶಂಖ, ಕವಡೆಗಳು ದ್ವೀಂದ್ರಿಯ ಜೀವಿಗಳೆಂದೂ ಮೀನು, ಆಮೆಗಳು ಪಂಚೇಂದ್ರಿಯ ಜಲಚರಗಳೆಂದೂ ವಿಂಗಡಿಸಿದ ಪರಂಪರೆ ನಮ್ಮದು. ಜೀವವನ್ನು ಅರಿಯದವನಿಗೆ ಜೀವದಯೆ ಹೇಗೆ ಸಾಧ್ಯವೆಂದು ಕೇಳಿದವರ ಮಕ್ಕಳು ನಾವು. ಕಡಲಿನ ಅರಿವು ದಯೆಯಾಗಿ ಪರಿಣಮಿಸಿದುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನಗಳಿವೆ.

ಗುಜರಾತಿನ ವೆರಾವಲ್ ಕಡೆಯ ಸಮುದ್ರದಲ್ಲಿ ತಿಮಿಂಗಿಲ ಶಾರ್ಕ್ ಎಂಬ ಮಹಾಮೀನುಗಳನ್ನು ಮಾಂಸಕ್ಕಾಗಿ, ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. ಮೈಕ್ ಪಾಂಡೆಯವರು 2000ದಲ್ಲಿ ಈ ಬೇಟೆಯ ಚಿತ್ರ ತೆಗೆದು ಜಗತ್ತಿಗೆ ತೋರಿಸಿದರು. 2001ರಲ್ಲಿ ಆ ಮೀನನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಕಾಯಿದೆ ಬಂದರೂ ಬೆಸ್ತರ ಮನಸ್ಸು ತಿರುಗಬೇಕಿತ್ತು. ಕಥಾಕಾರರಾದ ಮುರಾರಿ ಬಾಪು ಅವರು 2004ರ ಸುಮಾರಿಗೆ ಆರಂಭವಾದ ಆಂದೋಲನದಲ್ಲಿ ಆ ಮೀನನ್ನು ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ಹೋಲಿಸಿ ಜನರ ಎದೆ ಮುಟ್ಟಿದರು. ಕೊಂದು ಮಾರುತ್ತಿದ್ದ ಕೈಗಳೇ ತಮ್ಮ ಬಲೆ ಕತ್ತರಿಸಿ ನೂರಾರು ಮೀನುಗಳನ್ನು ಬಿಟ್ಟುಕೊಟ್ಟವು. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. ಮೊದಲು ಅರಿವು, ಆ ಮೇಲೆ ಕಾಯಿದೆ, ಆ ಮೇಲೆ ಕರುಣೆ. ಇದಕ್ಕಿಂತ ದೊಡ್ಡ ಅಭಯದಾನ ಯಾವುದು?

ಹತ್ತಿರದ ಮಾತನ್ನೇ ಹೇಳುತ್ತೇನೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳ ಮೀನುಗಾರಿಕೆ ನಿಷಿದ್ಧ. ಮಳೆಗಾಲದಲ್ಲಿ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುತ್ತವೆಂಬುದನ್ನು ತಿಳಿದದ್ದರಿಂದಲೇ ಇದಕ್ಕೆ ಆಧಾರ ದೊರೆಯಿತು. ನಮ್ಮ ಮುನಿಗಳು ಮಳೆಗಾಲದಲ್ಲಿ ಜೀವಹಾನಿ ತಪ್ಪಿಸಲು ಒಂದೆಡೆ ನಿಲ್ಲುವ ಚಾತುರ್ಮಾಸವನ್ನು ಬಲ್ಲ ನಮಗೆ ಈ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನು ಬೆಳೆಸಿ ಹಿಡಿಯುವ ವಿದ್ಯೆಯಲ್ಲಿ ನಮ್ಮ ಮಕ್ಕಳು ಹಿಂಜರಿದರೆ ಹಿಂಜರಿಯಲಿ. ಆದರೆ ಕಡಲಿನ ಜೀವಿಗಳ ಬಾಳನ್ನು ನೋಡಿ, ಎಣಿಸಿ, ಕಾಯುವ ವಿದ್ಯೆಯಲ್ಲಿ ಹಿಂಜರಿಯಲು ಕಾರಣವಿಲ್ಲ.

ಹಾಗಾದರೆ ಎಲ್ಲಿ ಕಲಿಯಬೇಕು? ಸೊಲ್ಲಾಪುರದಿಂದ ಬರುವ 52ನೆಯ ರಾಷ್ಟ್ರೀಯ ಹೆದ್ದಾರಿ ಇಂಡಿ ತಾಲೂಕಿನ ಹೊರ್ತಿಯ ಮೇಲೆ ಹಾದು, ವಿಜಯಪುರ ಮುಟ್ಟಿ, ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿ, ಯಲ್ಲಾಪುರಗಳ ಮಾರ್ಗವಾಗಿ ಅಂಕೋಲೆಯಲ್ಲಿ ಮುಗಿಯುತ್ತದೆ. ಅಂದರೆ ನಮ್ಮ ಲಿಂಬೆಯ ಲಾರಿಗಳು ಓಡುವ ರಸ್ತೆಯೇ ಕಡಲಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಕಾರವಾರ ಕೂಗಳತೆಯೆನ್ನಬಹುದು. ಕಾರವಾರದ ಕೋಡಿಬಾಗದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗುವವರೆಗೆ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಸೇರಿದ್ದುದೂ ಇದೇ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ನಮ್ಮ ತಂದೆಯವರ, ಅಣ್ಣಂದಿರ ಪದವಿಪತ್ರಗಳ ಮೇಲೆ ಮುದ್ರೆ ಒತ್ತಿದ ವಿಶ್ವವಿದ್ಯಾಲಯವೇ ಕಡಲ ತೀರದಲ್ಲಿ ಶಾಲೆ ತೆರೆದು ಕುಳಿತಿರುವಾಗ ನಾವು ಭೂಪಟದಲ್ಲಿ ದ್ವೀಪ ಹುಡುಕುತ್ತಿದ್ದೇವೆ.

ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಲ್ಲಿ ಸ್ಥಾಪನೆಯಾದುದು. ಅದರ ಕೇಂದ್ರಗಳು ಕಾರವಾರದಲ್ಲಿಯೂ ಮಂಗಳೂರಿನಲ್ಲಿಯೂ ಇವೆ. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಗೋವೆಯ ದೋನಾ ಪಾವ್ಲಾದಲ್ಲಿದೆ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳದ ಜೀವಿಗಳಿವೆ. ಕಾರವಾರ, ಹೊನ್ನಾವರ, ಕುಂದಾಪುರಗಳ ಮರಳಿನ ಮೇಲೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಬಂದು, ಒಂದೊಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ ಇಟ್ಟು ಹೋಗುತ್ತವೆ. ಅರಣ್ಯ ಇಲಾಖೆಯವರೂ ಊರವರೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಸುಮಾರು ಎರಡು ತಿಂಗಳೊಳಗೆ ಮರಿಗಳು ಹೊರಬಂದು ನೀರಿಗೆ ಇಳಿಯುತ್ತವೆ. ಕಾಯಿದೆಯ ಪ್ರಕಾರ ಈ ಪ್ರಾಣಿಯನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಕೈಯಲ್ಲಿ ಮರಿ ಹಿಡಿದು ಫೋಟೊ ತೆಗೆಸಿಕೊಳ್ಳಲು ಬಿಡದ ಈ ಕಟ್ಟುನಿಟ್ಟೇ ನಮ್ಮ ಮಕ್ಕಳು ಕಲಿಯಬೇಕಾದ ಮೊದಲ ಪಾಠ.

ಆಯ್ಕೆಯ ಮರ್ಯಾದೆ ಬೇಕೆನ್ನುವವರಿಗೆ ಅದೂ ದೇಶದಲ್ಲಿಯೇ ಇದೆ. ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ, ಪ್ರಯಾಗರಾಜಗಳ ಅಕಾಡೆಮಿಗಳೊಡನೆ ಕೂಡಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ಪನ್ನು ನಡೆಸುತ್ತ ಬಂದಿದೆ. ಆಯ್ಕೆಯಾದ ವಿದ್ಯಾರ್ಥಿಯು ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುತ್ತಾನೆ, ಅವನಿಗೇ ವೇತನ ಕೊಡುತ್ತಾರೆ. ಹಣ ಹರಿಯುವ ದಿಕ್ಕನ್ನು ಗಮನಿಸಿ. ನಿಜವಾದ ಉಮೇದುವಾರಿಗೂ ದಲಾಲಿಯ ವ್ಯಾಪಾರಕ್ಕೂ ವ್ಯತ್ಯಾಸ ತಿಳಿಯಲು ಇದಕ್ಕಿಂತ ಸುಲಭವಾದ ತಕ್ಕಡಿ ಇಲ್ಲ. ಹಣವೂ ಇಲ್ಲದೆ, ಪ್ರಮಾಣಪತ್ರವೂ ಇಲ್ಲದೆ ನಡೆದ ಕೆಲಸವೂ ಉಂಟು. ಮದರಾಸಿನ ವಿದ್ಯಾರ್ಥಿಗಳು 1988ರಲ್ಲಿ ತಮ್ಮದೇ ಒಂದು ಕಡಲಾಮೆ ಸಂರಕ್ಷಣಾ ಜಾಲ ಕಟ್ಟಿಕೊಂಡರು. ನೀಲಾಂಕರೈಯಿಂದ ಬೆಸಂಟ್ ನಗರದವರೆಗಿನ ತೀರವನ್ನು ರಾತ್ರಿಯೆಲ್ಲ ನಡೆದು, ಮೊಟ್ಟೆಗಳನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸಿ, ಮರಿಗಳನ್ನು ಕಡಲಿಗೆ ಬಿಡುವ ಅವರ ಪರಿಪಾಠ ಮೂರು ದಶಕಗಳನ್ನು ದಾಟಿದೆ.

“ನಮ್ಮ ಊರಿಗೂ ಕಡಲಿಗೂ ಏನು ಸಂಬಂಧ?” ಎಂದು ಕೇಳುವವರಿಗೂ ಒಂದು ಮಾತು. ಇಂಡಿ, ಸಿಂದಗಿಗಳ ಎಲ್ಲೆಯಲ್ಲಿ ಹರಿಯುವ ಭೀಮೆ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದ ಆಲಮಟ್ಟಿಯ ಅಣೆಕಟ್ಟನ್ನು ದಾಟಿದ ಕೃಷ್ಣೆ ಮುದ್ದೇಬಿಹಾಳದ ಅಂಚನ್ನು ತೊಳೆದು, ಕೊನೆಗೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಆ ಮುಖಜ ಪ್ರದೇಶದ ತೀರದಲ್ಲಿಯೂ ಅದೇ ಆಲಿವ್ ರಿಡ್ಲಿ ಆಮೆ ಮೊಟ್ಟೆಯಿಡುತ್ತದೆ. ನಮ್ಮ ದ್ರಾಕ್ಷಿಯ ತೋಟಕ್ಕೆ ಹೊಡೆದ ಔಷಧವೂ ನಮ್ಮ ಸಂತೆಯ ಪ್ಲಾಸ್ಟಿಕ್ ಚೀಲವೂ ಹಿಡಿಯುವ ದಾರಿ ಅದೇ. ಈ ನದಿಗಳ ಜಲಾನಯನದಲ್ಲಿಯೇ ಲೀತ್‌ನ ಮೃದುಚಿಪ್ಪಿನ ಆಮೆಯಿದೆ. ಭಾರತದ ಪರ್ಯಾಯದ್ವೀಪ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಅಳಿವಿನ ಅಂಚಿಗೆ ಬಂದಿರುವ ಜೀವವದು. 2022ರಲ್ಲಿ ಪನಾಮಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತವೇ ಮುಂದಾಗಿ ಇದರ ಮಾರಾಟದ ಮೇಲೆ ಅತ್ಯಂತ ಕಠಿಣ ನಿರ್ಬಂಧ ತರಿಸಿತು. ಪನಾಮಾದಲ್ಲಿ ಚರ್ಚೆಯಾದ ಆಮೆಯನ್ನು ನಮ್ಮ ಹೊಳೆಯಲ್ಲಿ ಹುಡುಕಿ ಎಣಿಸುವವರು ಬೇಕಾಗಿದ್ದಾರೆ. ನಮ್ಮ ವಿದ್ಯಾರ್ಥಿಗಳಿಗೆ ಬಸ್ಸಿನ ಚೀಟಿಯ ಖರ್ಚೂ ಸಾಕು.

ಪರದೇಶಕ್ಕೆ ಹೋದರೆ ಕಣ್ಣು ತೆರೆಯುತ್ತದೆ, ಮುಂದೆ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಸುಲಭವಾಗುತ್ತದೆ ಎಂಬ ವಾದವಿದೆ. ಹಣ ಕಟ್ಟಿದ ಯಾರಿಗಾದರೂ ಸಿಗುವ ಪ್ರಮಾಣಪತ್ರ ತಂದೆಯ ಕಿಸೆಯ ಭಾರವನ್ನು ತಿಳಿಸೀತೇ ಹೊರತು ಮಗನ ಬುದ್ಧಿಯನ್ನಲ್ಲ. ಒಂದು ಋತುವಿಡೀ ಕಾರವಾರದ ತೀರದಲ್ಲಿ ಪ್ರಾಧ್ಯಾಪಕರ ಕೈಕೆಳಗೆ ಗೂಡು ಎಣಿಸಿ ಬರೆದ ವರದಿಗೆ ಎಲ್ಲಿಯೂ ಬೆಲೆಯುಂಟು. ಪರದೇಶದಲ್ಲಿ ಪ್ರಾಮಾಣಿಕ ಸಂಸ್ಥೆಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾದ ಟೋರ್ಟುಗೇರೋ ತೀರದಲ್ಲಿ 1955ರಿಂದ ಆಮೆಗಳನ್ನು ಗುರುತಿಸಿ ಎಣಿಸುತ್ತ ಬಂದಿದ್ದಾರೆ. ಅಂಥ ತಪಸ್ಸಿಗೆ ಯಾರಾದರೂ ತಲೆಬಾಗಬೇಕು. ಊಟ ವಸತಿಯ ಖರ್ಚನ್ನು ಬಂದವರಿಂದಲೇ ಪಡೆಯುವ ಸಂಸ್ಥೆಗಳಲ್ಲಿಯೂ ಒಳ್ಳೆಯವು ಇರಬಹುದು. ಅಲ್ಲಿಗೆ ಹೋಗಬಯಸುವವರು ಸ್ವಂತ ಹಣದಿಂದ ಹೋಗಲಿ. ವಿದ್ಯಾನಿಧಿಯ ಹಣ ಮಾತ್ರ ಅದಕ್ಕಲ್ಲ.

ಆದ್ದರಿಂದ ಟ್ರಸ್ಟುಗಳ ಮುಂದೆ ನಾಲ್ಕು ನಿಯಮಗಳನ್ನು ಇಡುತ್ತಿದ್ದೇನೆ. ಮೊದಲನೆಯದು, ವಿದ್ಯಾರ್ಥಿಯು ಶುಲ್ಕ ತೆತ್ತು ದುಡಿಯುವ ಇಂಟರ್ನ್‌ಶಿಪ್ಪಿಗೆ ಒಂದು ಪೈಸೆಯನ್ನೂ ಕೊಡಕೂಡದು. ಅರ್ಹತೆ ನೋಡಿ ಆರಿಸಿಕೊಂಡ ವಿಶ್ವವಿದ್ಯಾಲಯ ಅಥವಾ ಸಂಶೋಧನಾಲಯಕ್ಕೆ ಹೋಗುವವರಿಗೆ, ಅದು ಕಾರವಾರವಿರಲಿ ಪರದೇಶವಿರಲಿ, ಕೈಬಿಚ್ಚಿ ಕೊಡಬೇಕು. ಎರಡನೆಯದು, ಪರದೇಶದ ಸಹಾಯ ಕೇಳುವವರು ಅದಕ್ಕೆ ಮೊದಲು ನಮ್ಮ ಹೊಳೆಯಲ್ಲಿಯೋ ನಮ್ಮ ಕರಾವಳಿಯಲ್ಲಿಯೋ ಕೆಲಸ ಮಾಡಿರಬೇಕು. ಮೂರನೆಯದು, ಅಲ್ಲಿ ಪ್ರಾಣಿಯನ್ನು ಏನು ಮಾಡುತ್ತಾರೆಂಬುದನ್ನು ಬರವಣಿಗೆಯಲ್ಲಿ ತರಿಸಬೇಕು. ಬಂಧನ, ಆಮಿಷ, ಫೋಟೊಕ್ಕಾಗಿ ಮುಟ್ಟುವುದು, ಇವುಗಳಲ್ಲಿ ಒಂದಿದ್ದರೂ ಅರ್ಜಿ ತಿರಸ್ಕೃತ. ನಾಲ್ಕನೆಯದು, ಸಹಾಯ ಪಡೆದವರು ತಾವು ಕಲಿತುದನ್ನು ಕನ್ನಡದಲ್ಲಿ ಬರೆದು, ನಮ್ಮ ಊರಿನ ಶಾಲೆಗಳಲ್ಲಿ ಬಂದು ಹೇಳಬೇಕು. ಶಾಲು ಹೊದಿಸುವುದಾದರೆ ಆ ಮೇಲೆ ಹೊದಿಸೋಣ.

ಜೂನ್ ತಿಂಗಳು ಬಂದರೆ ವಿದ್ಯಾನಿಧಿಗಳ ಮುಂದೆ ಮತ್ತೆ ಅರ್ಜಿಗಳು ಬರುತ್ತವೆ. ಅವುಗಳಲ್ಲಿ ಬಡ ಮನೆಯ ಯಾವ ಹುಡುಗಿಯದಾದರೂ ಹಾಸ್ಟೆಲ್ ಖರ್ಚಿನ ಅರ್ಜಿ ಇದ್ದೀತು. ಬಣ್ಣದ ಪುಸ್ತಿಕೆ ಲಗತ್ತಾಗಿಲ್ಲವೆಂದು ಅದನ್ನು ಪಕ್ಕಕ್ಕಿಡಬೇಡಿ. ಒಂದು ಪ್ರವಾಸದ ಹಣ ಅಂಥವಳ ಎರಡು ವರ್ಷದ ಓದಿಗೆ ಒದಗಬಹುದು. ಅವಳ ಓದು ಮುಂದೆ ಎಷ್ಟು ಮೂಕಜೀವಿಗಳ ರಕ್ಷಣೆಗೆ ಒದಗೀತೆಂದು ಲೆಕ್ಕ ಹಾಕಲು ನನ್ನಂಥ ವ್ಯಾಪಾರಿಗೂ ಬಾರದು. ಶಾಸ್ತ್ರದಾನ ಮತ್ತು ಅಭಯದಾನ ಒಂದೇ ಚೆಕ್ಕಿನಲ್ಲಿ ಕೂಡಿಬರುವ ಅವಕಾಶ ಟ್ರಸ್ಟಿಗಳಿಗೆ ಪದೇಪದೇ ಬರುವುದಿಲ್ಲ. ಸಹಿ ಮಾಡುವ ಮುನ್ನ ಕ್ಷಣಕಾಲ ಯೋಚಿಸಿರೆಂದು ಸಮಾಜದ ಹಿರಿಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.